ನೀರು ಕುಡಿದ ಬುಶ್‌ಗಳು

ವರ್ಕ್‌ಶಾಪಿನಲ್ಲಿ ಅವಳನ್ನು ಎಲ್ಲರೂ ಮೌನಗೌರಿ ಎಂದೇ ಕರೆಯುತ್ತಿದ್ದರು. ಹೆಸರಿಟ್ಟವರು ಯಜಮಾನರು, ಅಂದರೆ ಅವಳ ಸ್ವಂತ ಸೋದರಮಾವ. ಡಿಗ್ರಿ ಮುಗಿಸಿ ಆರು ತಿಂಗಳಿಂದ ಅಲ್ಲಿ ಅಳತೆ ನೋಡುವ ಕೆಲಸಕ್ಕೆ ಕೂತಿದ್ದ ಹುಡುಗಿಗೆ ಸಲಿಗೆ ಇದ್ದದ್ದು ಮೈಕ್ರೋಮೀಟರಿನ ಜೊತೆ ಮಾತ್ರ. ಫೋನ್ ಬಡಿದುಕೊಂಡರೆ ಏನೋ ನೆನಪಾದವಳಂತೆ ಎದ್ದು ಹೋಗುತ್ತಿದ್ದಳು.

ಹೋದ ವಾರ ಮಾವ ಅವಳ ಮುಂದೆ ಒಂದು ನಕ್ಷೆ ಹರಡಿದ್ದರು. ಬ್ರೆಡ್ ಕಾರ್ಖಾನೆಯ ಟ್ರೇ ತೊಳೆಯುವ ಯಂತ್ರಕ್ಕೆ ಇಪ್ಪತ್ತನಾಲ್ಕು ಬುಶ್ ಬೇಕಿತ್ತು. ತಿರುಗುವ ಶಾಫ್ಟಿಗೆ ತೊಡಿಸುವ ಬಳೆಯಂಥ ತುಂಡುಗಳವು. ಇಷ್ಟು ದಿನ ಕಂಚಿನವಿದ್ದವು, ಈಗ ಪ್ಲಾಸ್ಟಿಕ್ಕಿನವು ಬೇಕಂತೆ.

"ಯಾವ ಪ್ಲಾಸ್ಟಿಕ್ಕು ಅಂತ ಈ ಸಲ ನೀನೇ ಹೇಳಮ್ಮ. ಓದಿದ್ದು ಸಾರ್ಥಕ ಆಗ್ಲಿ," ಎಂದಿದ್ದರು ಮಾವ.

ಅವಳು ಮೇಜಿನ ಗಾಜಿನಡಿಯಿದ್ದ ಪಟ್ಟಿಯ ಮೇಲೆ ಬೆರಳಾಡಿಸಿದಳು. ಗಟ್ಟಿತನ, ಸವೆತ, ತಡೆಯುವ ಬಿಸಿ. ಮೂರು ಕಾಲಮ್ಮಿನಲ್ಲೂ ನೈಲಾನ್ ಚೆನ್ನಾಗಿಯೇ ಇತ್ತು. "ನೈಲಾನ್ ಮಾವ," ಎಂದಳು. ಮೊದಲ ಸಲ ಅವಳ ಮಾತಿನಂತೆ ಒಂದು ಕೆಲಸ ನಡೆಯಿತು. ಬುಶ್‌ಗಳು ತಯಾರಾಗಿ, ಅವಳ ಕೈಯಲ್ಲೇ ಅಳತೆಯಾಗಿ, ನಿನ್ನೆ ಬೆಳಿಗ್ಗೆ ಕಾರ್ಖಾನೆ ಸೇರಿದ್ದವು.

ಇವತ್ತು ಬೆಳಿಗ್ಗೆ ಮಾವ ರಾಡು ಕೊಳ್ಳಲು ಹೊರಗೆ ಹೋಗಿದ್ದಾಗ ಫೋನ್ ಬಡಿದುಕೊಂಡಿತು. ಬೇರೆ ದಾರಿಯಿಲ್ಲದೆ ಆ ಭಾರದ ಹಳೇ ಫೋನನ್ನು ತನ್ನತ್ತ ಎಳೆದುಕೊಂಡಳು. ರಾಂಗ್ ನಂಬರ್. ಇಟ್ಟು ನಿಟ್ಟುಸಿರು ಬಿಡುವಷ್ಟರಲ್ಲಿ, ಫೋನ್ ಕೂತಿದ್ದ ಜಾಗದಲ್ಲಿ ಪಟ್ಟಿಯ ನಾಲ್ಕನೇ ಕಾಲಮ್ ಕಾಣಿಸಿತು: ನೀರು ಹೀರುವ ಪ್ರಮಾಣ. ಅಸಿಟಾಲ್ ಎಂಬ ಇನ್ನೊಂದು ಪ್ಲಾಸ್ಟಿಕ್ಕು ಹೀರುವುದು ಚೂರೇ ಚೂರು. ನೈಲಾನ್ ಅದರ ಎಷ್ಟೋ ಪಟ್ಟು.

ನೀರು ಕುಡಿದ ನೈಲಾನ್ ಉಬ್ಬುತ್ತದೆ. ಆ ಯಂತ್ರದೊಳಗೋ ದಿನವಿಡೀ ಬಿಸಿನೀರಿನ ಮಜ್ಜನ. ಹೊರಗೆ ಕಬ್ಬಿಣದ ಗೂಡು, ಒಳಗೆ ಶಾಫ್ಟು. ಬುಶ್ ಹೊರಕ್ಕೆ ಹಿಗ್ಗಲು ಜಾಗವಿಲ್ಲದೆ ಶಾಫ್ಟನ್ನೇ ಅಮುಕಿ ಹಿಡಿಯುತ್ತದೆ. ಯಂತ್ರ ನಿಂತರೆ ಟ್ರೇ ಇಲ್ಲ, ಟ್ರೇ ಇಲ್ಲದಿದ್ದರೆ ಬ್ರೆಡ್ಡೂ ಇಲ್ಲ. ಮಾವನಿಗೆ ವರ್ಷವಿಡೀ ಕೆಲಸ ಕೊಡುವ ಕಾರ್ಖಾನೆ ಅದೊಂದೇ. ಅದು ಕೈಬಿಟ್ಟರೆ ಕಾರಣ ತಾನು.

ತಾನಾಗಿಯೇ ಕಾರ್ಖಾನೆಗೆ ಫೋನ್ ಮಾಡಿದಳು. ಯಾರೂ ಎತ್ತಲಿಲ್ಲ. ಮಾವನ ಮೊಬೈಲು ಸ್ವಿಚ್ ಆಫ್.

"ಅಣ್ಣ, ಸ್ವಲ್ಪ ನೋಡ್ಕೊಳ್ಳಿ, ಬಂದೆ!" ಎಂದು ಲೇತ್ ಓಡಿಸುವವನಿಗೆ ಹೇಳಿ ಹೊರಟೇಬಿಟ್ಟಳು.

"ನೋಡ್ರಪ್ಪಾ, ಮೌನಗೌರಿ ಓಡ್ತಾಳೆ!" ಎಂದು ಅವನು ಕೂಗಿದ್ದು ಬೆನ್ನ ಹಿಂದೆ ಕೇಳಿತು.

ಮೂರು ಬೀದಿ ದಾಟಿ, ಏದುಸಿರು ಬಿಡುತ್ತ ಕಾರ್ಖಾನೆಯ ಹಿಂಬಾಗಿಲಿಗೆ ಬಂದಾಗ ಯಂತ್ರ ಗಡಗಡ ಓಡುತ್ತಿತ್ತು. ಹಬೆಯೊಳಗಿಂದ ಟ್ರೇಗಳು ಒಂದರ ಹಿಂದೊಂದು ಬರುತ್ತಿದ್ದವು. ಹಾಕಿಬಿಟ್ಟಿದ್ದಾರೆ! ಪಕ್ಕದಲ್ಲಿ, ಬೋರಲು ಹಾಕಿದ ಡಬ್ಬದ ಮೇಲೆ, ಕನ್ನಡಕಕ್ಕೆ ದಾರ ಕಟ್ಟಿಕೊಂಡ ಮುದುಕ ಫಿಟ್ಟರ್ ಕೂತಿದ್ದ.

"ತಾತ, ನಿನ್ನೆ ಬಂದ ಬುಶ್..."

"ಏನಂದೆ? ಈ ಸದ್ದಲ್ಲಿ ಏನೂ ಕೇಳಲ್ಲಮ್ಮ, ಬಾಯಿ ಬಿಟ್ಟು ಹೇಳು."

ಹುಟ್ಟಿದಾಗಿನಿಂದ ಅವಳು ಅಷ್ಟು ಜೋರಾಗಿ ಕೂಗಿರಲಿಲ್ಲ. "ಬುಶ್ ತೆಗೀರಿ ತಾತ! ತಪ್ಪು ನಂದು! ನೈಲಾನ್ ನೀರು ಕುಡಿಯುತ್ತೆ!"

ತಾತ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಎದ್ದು, ಯಂತ್ರದ ಹಿಂದಕ್ಕೆ ಕರೆದೊಯ್ದ. ಬಿಸಿನೀರು ಹೊರಬೀಳುವ ಪೈಪಿನ ಕೆಳಗೊಂದು ಬಕೆಟ್. ಅದರ ತಳದಲ್ಲಿ ನಾಲ್ಕು ಬುಶ್. ಉಳಿದ ಇಪ್ಪತ್ತು ಕವರಿನಲ್ಲೇ ಇದ್ದವು.

"ನಿನ್ನೆಯಿಂದ ಸ್ನಾನ ಮಾಡಿಸ್ತಿದ್ದೀನಿ. ಯಾರು ಏನೇ ಕಳಿಸ್ಲಿ, ಇಲ್ಲಿ ನೆನೆಸ್ದೆ ಹಾಕಲ್ಲ ನಾನು. ಅನುಮಾನದ ತಾತ ಅಂತಾರೆ. ಅಂದ್ಕೊಳ್ಳಲಿ ಬಿಡು."

ಒಂದು ಒಣ ಬುಶ್ ಎತ್ತಿ, ಪಕ್ಕದಲ್ಲಿ ಬಿದ್ದಿದ್ದ ಖಾಲಿ ಕಬ್ಬಿಣದ ಗೂಡಿಗೆ ತಳ್ಳಿದ. ಬೆಣ್ಣೆಯಂತೆ ಜಾರಿ ಕೂತಿತು. ಅದನ್ನು ತೆಗೆದು, ನೆಂದದ್ದನ್ನು ಇಟ್ಟ. ಬಾಯಲ್ಲೇ ಸಿಕ್ಕಿಕೊಂಡಿತು.

"ನೋಡು, ನಿನ್ನೆ ತೆಳ್ಳಗಿದ್ದೋನು, ಒಂದೇ ದಿನಕ್ಕೆ ಹೊಸ ಅಳಿಯನ ಥರ ಊದ್ಕೊಂಡಿದ್ದಾನೆ!"

"ಹಾಗಾದ್ರೆ ಈಗ ಮಿಷನ್ನಲ್ಲಿರೋದು?"

"ಹಳೇ ಕಂಚಿಂದೇ. ಇನ್ನೊಂದು ತಿಂಗಳು ಎಳೀತವೆ."

ಅವಳು ಒದ್ದೆ ನೆಲವೆಂದೂ ನೋಡದೆ ಕುಸಿದು ಕೂತಳು. ಬೆಳಗಿನಿಂದ ಕಟ್ಟಿದ್ದ ಉಸಿರು ನಗುವಾಗಿ ಹೊರಬಂತು. ಕಣ್ಣಲ್ಲಿ ನೀರು.

"ಅಳ್ತಿದ್ದೀಯೋ ನಗ್ತಿದ್ದೀಯೋ, ಒಂದು ಹೇಳಮ್ಮ," ಎಂದ ತಾತ. "ಈಗ ಯಾವುದರಲ್ಲಿ ಮಾಡ್ತೀಯ?"

"ಅಸಿಟಾಲ್. ಅದು ನೀರು ಮುಟ್ಟೋದೇ ಇಲ್ಲ ಅನ್ನಬಹುದು. ಈ ಬಿಸೀನೂ ತಡ್ಕೊಳ್ಳುತ್ತೆ."

"ಅದನ್ನೂ ನಂಬಲ್ಲ. ಎರಡೇ ಎರಡು ಮಾಡಿ ತಾ, ನೋಡೋಣ."

ಬೇರೆ ಯಾರಾದರೂ ಆಗಿದ್ದರೆ ಮುಖ ಸಿಂಡರಿಸುತ್ತಿದ್ದರು. ಅವಳಿಗೆ ಮಾತ್ರ ತಲೆಯ ಮೇಲಿನ ಮೂಟೆ ಇಳಿದಂತಾಯಿತು. ತನ್ನ ಬಾಯಿಂದ ಬಿದ್ದ ಒಂದು ಮಾತಿನ ಮೇಲೆ ಇಡೀ ಕಾರ್ಖಾನೆ ನಿಂತಿದೆಯೆಂದು ವಾರದಿಂದ ಬೀಗಿದ್ದಳು, ಬೆಳಗಿನಿಂದ ನಡುಗಿದ್ದಳು. ನಿಂತಿರಲಿಲ್ಲ. ನಡುವೆ ಒಂದು ಬಕೆಟ್ ಇತ್ತು, ಒಬ್ಬ ತಾತ ಇದ್ದ.

ಮಧ್ಯಾಹ್ನ ಮಾವ ಚಪ್ಪಲಿ ಬಿಡುವ ಮೊದಲೇ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಮಾವ ಮೇಜನ್ನು ನೋಡಿದರು, ಗಡ್ಡ ಕೆರೆದುಕೊಂಡರು.

"ಪಟ್ಟಿ ಮೇಲೆ ಫೋನ್ ಇಟ್ಟೋನು ಯಾರು? ನಾನು. ಅರ್ಧ ತಪ್ಪು ನನಗೂ ಕೊಡು, ಎಲ್ಲಾ ನೀನೇ ಇಟ್ಕೋಬೇಡ."

ಸಂಜೆಯೊಳಗೆ ಅಸಿಟಾಲಿನ ಎರಡು ಬುಶ್ ತಯಾರಾದವು. "ನಾನು ಕೊಟ್ಟು ಬರ್ತೀನಿ," ಎಂದು ಮಾವ ಎದ್ದರೆ, "ಬೇಡ ಮಾವ, ನಾನೇ," ಎಂದು ಅವಳು ಕಿತ್ತುಕೊಂಡು ಹೋದಳು.

ಮೂರನೇ ದಿನ ತಾತ ಅವಳೆದುರೇ ಬಕೆಟ್ಟಿಗೆ ಕೈಹಾಕಿದ. ನೆಂದ ಬುಶ್ ಗೂಡಿನೊಳಗೆ ಸದ್ದಿಲ್ಲದೆ ಜಾರಿತು. ಎರಡನೆಯದೂ ಹಾಗೆಯೇ. ತಾತ ತೆಗೆದ, ತಿರುಗಿಸಿದ, ಬೆಳಕಿಗೆ ಹಿಡಿದ, ಮತ್ತೆ ತಳ್ಳಿದ. ಹುಳುಕು ಸಿಗದೆ ಅವನ ಮುಖ ಸಪ್ಪೆಯಾಯಿತು.

"ಹೂಂ. ಇನ್ನಿಪ್ಪತ್ತೆರಡು ಮಾಡಿ ಕಳಿಸ್ರಿ."

"ಸರಿ ತಾತ!"

ಅವಳು ಬಾಗಿಲವರೆಗೆ ಹೋಗಿ ತಿರುಗಿ ನೋಡಿದಾಗ, ತಾತ ಆ ಎರಡನ್ನೂ ಮೆಲ್ಲಗೆ ಮತ್ತೆ ಬಕೆಟ್ಟಿಗೆ ಬಿಡುತ್ತಿದ್ದ.