ಕಲ್ಲಿನೊಳಗಿನ ಬಾಡಿಗೆದಾರ

ಎರಡನೆಯ ಕಲ್ಲನ್ನು ಮೀನಿನ ಗಾಜುತೊಟ್ಟಿಯ ನೀರಿನಿಂದ ಎತ್ತುವಷ್ಟರಲ್ಲಿ ಕನ್ನಡಕದವನ ಅಮ್ಮ ಕುರ್ಚಿ ಎಳೆದುಕೊಂಡು ಬಂದು, ಮುಂದಿನ ಸಾಲಿನ ಟಿಕೆಟ್ ಕೊಂಡವಳ ಹಾಗೆ ಕೂತಳು.

“ಇವತ್ತು ಗೊತ್ತಾಗತ್ತೆ ಬಿಡು,” ಅಂದಳು. “ಏಳು ವರ್ಷದ್ದು.”

ಕನ್ನಡಕದ ಅಂಗಡಿ ಇಟ್ಟುಕೊಂಡು ಅರ್ಧ ಊರಿಗೆ ಕಣ್ಣು ಕೊಟ್ಟವನು ಈಗ ಮೊಣಕೈವರೆಗೆ ಉಪ್ಪುನೀರಿನಲ್ಲಿದ್ದ. ಹಿಂದಿನ ಗೋಡೆಗೆ ಐದಡಿಯ ಹೊಸ ತೊಟ್ಟಿ ಬಂದು ನಿಂತಿತ್ತು. ಅದರಲ್ಲಿ ಎರಡು ದಿನದಿಂದ ಉಪ್ಪು ಕರಗಿಸಿ, ಬಿಸಿಯ ಹದ ನೋಡಿ, ಚಿಕ್ಕ ಮೋಟಾರಿನಿಂದ ಅಲೆ ಎಬ್ಬಿಸಿ ಸಮುದ್ರ ಮಾಡಿಟ್ಟಿದ್ದ. ಹಳೆಯದು ಮೂರಡಿಯದು. ಅದರ ಬೆಳಕು ಏಳು ವರ್ಷದಿಂದ ಆ ಕೋಣೆಯ ಸೂರಿನ ಮೇಲೆ ತೂಗಿ ತೂಗಿ, ಅಲ್ಲಿ ಕೂತವರಿಗೆಲ್ಲ ತೂಕಡಿಕೆ ಬರುತ್ತಿತ್ತು. ಒಮ್ಮೆ ವಿದ್ಯುತ್ ಮೀಟರ್ ನೋಡಲು ಬಂದವನು ಕೂತಲ್ಲೇ ನಿದ್ದೆಹೋಗಿ ಸಂಜೆ ಎದ್ದು, ತನ್ನ ಮನೆ ಯಾವ ಕಡೆ ಎಂದು ಇವರನ್ನೇ ಕೇಳಿದ್ದ.

ಆ ಹಳೆಯ ತೊಟ್ಟಿ ತಂದ ವಾರವೇ ಕೊಂಡ ಬೆರಳುದ್ದದ ಮೀನೊಂದು, ನೀರಿಗೆ ಬಿಟ್ಟ ಕೂಡಲೇ ಬ್ರೆಡ್ಡಿನಂಥ ದೊಡ್ಡ ಕಲ್ಲಿನ ತೂತಿಗೆ ನುಗ್ಗಿ ಮಾಯವಾಗಿತ್ತು. ಸತ್ತಿತು ಎಂದು ಎಲ್ಲರೂ ಕೈಬಿಟ್ಟರು. ಮಾರನೆಯ ದಿನ ಹೆಂಡತಿ, ಮಧ್ಯಾಹ್ನ ಮನೆಯೆಲ್ಲ ಮಲಗಿದಾಗ ಅದು ತಲೆ ಹೊರಗೆ ಹಾಕಿತ್ತು ಅಂದಳು. ಆಮೇಲೂ ಅಂದಳು. ದಿನಾ ಮೂರು ಗಂಟೆಗೆ ಉದ್ದನೆಯ ಚಿಮುಟದಲ್ಲಿ ಒಂದು ಚಿಟಿಕೆ ಮೇವು ಹಿಡಿದು ತೂತಿನ ಬಾಯಿಗೆ ಕೊಡುವಳು; ಕೊಡುತ್ತಾ ಏನೇನೋ ಮಾತಾಡುವಳು. ಗಂಡ ಅಂಗಡಿಯಲ್ಲಿ, ಅತ್ತೆ ನಿದ್ದೆಯಲ್ಲಿ. ಬೇರೆ ಯಾರೂ ಅದನ್ನು ಒಮ್ಮೆಯೂ ನೋಡಲಿಲ್ಲ.

ಅಮ್ಮ ಅದಕ್ಕೆ ಬಾಡಿಗೆದಾರ ಎಂದು ಹೆಸರಿಟ್ಟಳು. ಮುಖ ತೋರಿಸದೆ ಉಂಡು ಮಲಗುವವನು. ಕತ್ತರಿ ಕಳೆದರೆ ಬಾಡಿಗೆದಾರನನ್ನು ಕೇಳು. ಹಾಲು ಒಡೆದಿದೆ ಎಂದು ಸೊಸೆ ಹೇಳಿದರೆ, “ಬಾಡಿಗೆದಾರ ಹೇಳಿದ್ನಾ?” ಎಂದು ಪಾತ್ರೆಗೆ ಮೂಗು ಒಡ್ಡಿ ಮೂಸಿ ನೋಡುವಳು. ಹಾಗೆ ನಗುತ್ತ ನಗುತ್ತಲೇ ಆ ಮನೆಯಲ್ಲಿ ಸೊಸೆಯ ಮಾತಿಗೆ ಇನ್ನೊಬ್ಬರ ಸಾಕ್ಷಿ ಬೇಕೆಂಬ ರೂಢಿ ಬಂದುಬಿಟ್ಟಿತ್ತು. ಕನ್ನಡಕದವನೂ ನಕ್ಕವನೇ.

ಹೊಸ ತೊಟ್ಟಿ ಬಂದ ದಿನ ಹೆಂಡತಿ, “ಇದನ್ನ ವಾಪಸ್ ಕಳಿಸ್ಬಿಡಿ ರೀ,” ಅಂದಿದ್ದಳು. ಜಾಗ ಸಾಲದೆಂದು ಹೇಳುತ್ತಿದ್ದಾಳೆ ಅಂದುಕೊಂಡು ಅವನು ಅಳತೆಪಟ್ಟಿ ತಂದು ಗೋಡೆ ಅಳೆದು ತೋರಿಸಿದ. ತೊಟ್ಟಿ ಬದಲಿಸಬೇಕೆಂದರೆ ಕಲ್ಲುಗಳನ್ನೆಲ್ಲ ಹೊರಗೆ ತೆಗೆಯಬೇಕು ಎಂಬುದು ಅವನಿಗೆ ಗೊತ್ತಿತ್ತು. ಅದರರ್ಥ ಏನೆಂಬುದು ಮಾತ್ರ ಈಗ, ಕೈ ನೀರಿನಲ್ಲಿರುವಾಗ ಹೊಳೆಯಿತು.

ಕಲ್ಲುಗಳು ಒಂದೊಂದಾಗಿ ಹಳೆಯ ನೀರು ತುಂಬಿದ ಟಬ್ಬುಗಳಿಗೆ ಹೋದವು. ಕಿತ್ತಳೆ ಬಣ್ಣದ ಮೀನಿನ ಜೋಡಿ ಬಕೆಟ್ಟಿಗೆ ಹೋಯಿತು, ಮದುವೆಗೆ ಬಂದು ಊಟ ಸಿಗದವರ ಮುಖ ಮಾಡಿಕೊಂಡು. ಶಂಖದೊಳಗಿನ ಏಡಿ ಚೊಂಬಿಗೆ. ಕೊನೆಗೆ ಉಳಿದದ್ದು ಗೇಣುದ್ದ ನೀರು, ತೂತಿನ ಕಲ್ಲು, ತಳದ ಮರಳು. ಆ ಮರಳನ್ನು ಮಾತ್ರ ಕದಡಬೇಡಿ, ಅದರಡಿ ಏಳು ವರ್ಷದ ಕೊಳೆ ಇದೆ, ಅದರ ನೀರು ಒಂದು ಹನಿಯೂ ಹೊಸದಕ್ಕೆ ಬೀಳಬಾರದು ಎಂದು ಬೆಳಿಗ್ಗೆಯಿಂದ ಅವನೇ ಹತ್ತು ಸಲ ಹೇಳಿದ್ದ.

ಹೆಂಡತಿ ಒದ್ದೆ ಟವೆಲ್ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಹತ್ತಿರ ಬರಲಿಲ್ಲ.

ಅವನು ಕಲ್ಲನ್ನು ಎತ್ತಿ, ನೀರೊಳಗೇ ತಿರುಗಿಸಿ, ತೂತಿಗೆ ಟಾರ್ಚ್ ಬಿಟ್ಟ. ತೂತು ಆ ಕಡೆಯಿಂದ ಈ ಕಡೆಗೆ ನೇರ ಇತ್ತು. ಒಳಗೆ ಯಾರೂ ಇರಲಿಲ್ಲ. ಕಲ್ಲನ್ನು ಟಬ್ಬಿಗೆ ಇಳಿಸಿ, ತಾನೇ ಬೇಡವೆಂದ ಮರಳಿಗೆ ಕೈ ಹಾಕಿದ. ನೀರು ಹಾಲಿನಂತಾಯಿತು, ಕೊಳೆತ ಮೊಟ್ಟೆಯ ವಾಸನೆ ಎದ್ದಿತು. ಮೂಲೆಯಿಂದ ಮೂಲೆಗೆ ತಡಕಿದ. ಒಂದು ಚಿಪ್ಪು ಸಿಕ್ಕಿತು. ಅಷ್ಟೇ.

“ಸಿಕ್ತಾ?” ಅಮ್ಮ ಕತ್ತು ಉದ್ದ ಮಾಡಿದಳು. “ಇಲ್ಲ ಅಂದ್ರೆ ಇಲ್ಲ ಅನ್ನು. ಇಲ್ಲಾ ನೀನು ಮಾಡಿಕೊಟ್ಟ ಈ ಕನ್ನಡಕ ಸರಿ ಇಲ್ಲ ಅನ್ನು. ಎರಡರಲ್ಲಿ ಒಂದು.”

ಬಾಗಿಲಲ್ಲಿ ಟವೆಲ್ಲಿನಿಂದ ತೊಟಕ್ ತೊಟಕ್ ಎಂದು ನೀರು ಬೀಳುತ್ತಿತ್ತು.

ಕನ್ನಡಕದವನು ಪಕ್ಕದ ಸ್ಟೀಲ್ ಬಟ್ಟಲನ್ನು ಮೆಲ್ಲಗೆ ಆ ಬಿಳಿ ನೀರಿನಲ್ಲಿ ಮುಳುಗಿಸಿದ. ತುಂಬಿಸಿ, ಮೇಲೆ ಅಂಗೈ ಮುಚ್ಚಿ ಎತ್ತಿದ.

“ಸಿಕ್ತು,” ಅಂದ. “ಒಂದು ತಟ್ಟೆ ಕೊಡು.”

ಹೆಂಡತಿ ತಟ್ಟೆ ತಂದಳು. ಅವನು ಅಂಗೈ ತೆಗೆದ. ಅವಳು ತಟ್ಟೆ ಮುಚ್ಚುವ ಮೊದಲು ಒಳಗೆ ನೋಡಿದಳು. ಬಟ್ಟಲಿನ ತಳದಲ್ಲಿ ಒಂದಿಷ್ಟು ಮರಳು ಸುತ್ತುತ್ತಿತ್ತು. ತಲೆಯೆತ್ತಿ ಗಂಡನ ಮುಖವನ್ನು ನೋಡಿದಳು. ಅವನು ಬಟ್ಟಲನ್ನೇ ನೋಡುತ್ತಿದ್ದ. ಅವಳು ತಟ್ಟೆ ಮುಚ್ಚಿ, ಬಟ್ಟಲಿನ ಇನ್ನೊಂದು ಅಂಚು ಹಿಡಿದಳು.

“ಅಲುಗಾಡಿಸಬೇಡಿ,” ಅಂದಳು. “ಹೆದರತ್ತೆ.”

ಇಬ್ಬರೂ ಆ ಕೋಣೆಯನ್ನು ದಾಟಲು ತೆಗೆದುಕೊಂಡ ಹೊತ್ತಿನಲ್ಲಿ ಒಂದು ತಲೆಯ ಕ್ಷೌರ ಮುಗಿಯುತ್ತಿತ್ತು. ಸೂರಿನ ಮೇಲೆ ಹೊಸ ತೊಟ್ಟಿಯ ಬೆಳಕು ತೂಗುತ್ತಿತ್ತು, ಅವರು ಅದರಡಿ ತೇಲಿದಂತೆ ನಡೆದರು. ಅಮ್ಮ ಕುರ್ಚಿ ಸರಿಸಿ ದಾರಿ ಬಿಟ್ಟಳು. ಎಲ್ಲಿ, ತೋರಿಸಿ ಎಂದು ಕೇಳಿದ್ದಕ್ಕೆ ಮಗ, ಬೆಳಕು ಬಿದ್ದರೆ ಆಘಾತವಾಗತ್ತೆ ಅಂದ. ಹೊಸ ತೊಟ್ಟಿಯೊಳಕ್ಕೆ ಬಟ್ಟಲು ಬಗ್ಗಿತು. ಒಂದು ಹನಿಯೂ ಬೀಳಬಾರದೆಂದಿದ್ದ ನೀರು ಬಟ್ಟಲಷ್ಟು ಬಿತ್ತು, ಹೊಗೆಯಂತೆ ಬಿಚ್ಚಿಕೊಂಡು ಕರಗಿತು.

ತೂತು ಕೋಣೆಯ ಕಡೆಗೆ ಬರುವಂತೆ ಆ ಕಲ್ಲನ್ನು ಇಟ್ಟರು. ಮೂರು ದಿನ ನೀರು ಮಂಜಾಗಿತ್ತು. ಆ ಮೂರು ದಿನವೂ ಹೆಂಡತಿ ಮೇವು ಕೊಡಲಿಲ್ಲ, ಕಲ್ಲಿನ ಜೊತೆ ಮಾತೂ ಆಡಲಿಲ್ಲ. ಹಾಲು ಒಡೆದಿದೆ ಅಂದಾಗ ಅತ್ತೆ ಮೂಸಿ ನೋಡದೆ ಚೆಲ್ಲಿದಳು.

ನಾಲ್ಕನೆಯ ದಿನ ಮೂರು ಗಂಟೆಗೆ ಕನ್ನಡಕದವನು ಮರೆತ ಬೀಗದಕೈಗೆಂದು ಮನೆಗೆ ಬಂದ. ಹೆಂಡತಿ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು, ತುಟಿಗೆ ಬೆರಳಿಟ್ಟು, ತೊಟ್ಟಿಯ ಕಡೆ ನೋಡಿ ಎಂದು ಕಣ್ಣಲ್ಲೇ ತೋರಿಸಿದಳು. ಅಮ್ಮ ತೊಟ್ಟಿಯ ಮುಂದೆ ಕುರ್ಚಿ ಹಾಕಿ, ಕೈಯಲ್ಲಿ ಉದ್ದ ಚಿಮುಟ ಹಿಡಿದು ಕೂತಿದ್ದಳು. ಕನ್ನಡಕ ಹಣೆಯ ಮೇಲಿತ್ತು.

“ಸ್ವಲ್ಪ ಸೊರಗಿದೆ ಕಣೋ,” ಅಂದಳು, ತಿರುಗದೆ. “ಮನೆ ಬದಲಾದ್ರೆ ಯಾರಿಗಾದ್ರೂ ಹಾಗೇ.”

ಗಂಡ ಹೆಂಡತಿ ಸದ್ದಿಲ್ಲದೆ ಬಂದು ಅವಳ ಎರಡು ಪಕ್ಕ ನೆಲದ ಮೇಲೆ ಕೂತರು. ಚಿಮುಟದ ತುದಿಯಿಂದ ಬಿಟ್ಟ ಮೇವಿನ ಚೂರು ನೀರಿನಲ್ಲಿ ಮೆಲ್ಲಗೆ ತಿರುಗುತ್ತಾ ಇಳಿಯಿತು, ತೂತಿನ ಬಾಯಿಯ ಹತ್ತಿರ ಒಂದು ಕ್ಷಣ ನಿಂತಿತು, ಆಮೇಲೆ ಒಳಗೆ ಹೋಯಿತು.