ಗಡಿಕಲ್ಲಿನ ಕೆಳಗಿನ ಇದ್ದಿಲು

ಮೈದುನ ಮೂಕ್ಕಯ್ಯ ಬಿಸಿಲಲ್ಲಿ ಗುದ್ದಲಿ ಹಿಡಿದು ನಿಂತದ್ದು ಕಂಡಾಗಲೇ ಪೇಚಿಯಮ್ಮನಿಗೆ ಗುಮಾನಿ ಬಂತು. ಕಮುದಿ ಕಡೆ ಸೀಮೆಜಾಲಿ ಸುಟ್ಟು ಇದ್ದಿಲು ಮಾಡುವವರಿಗೆ ಬರವಿಲ್ಲ. ಮಾಡಿದ್ದನ್ನು ಮಾರದೆ ಹೊಲಕ್ಕೆ ಸುರಿಯುವ ಪುಣ್ಯಾತ್ಮನನ್ನು ಮಾತ್ರ ಅವಳು ಈಗಲೇ ನೋಡಿದ್ದು.

“ಮರ ಗಾಳಿಯಿಂದ ಹೀರಿದ ಇಂಗಾಲ ಇದರಲ್ಲಿದೆ ಅತ್ತಿಗೆ. ಹೂತರೆ ಸಾವಿರ ವರ್ಷ ಮೇಲೇಳಲ್ಲ. ಲೋಕದ ಕಾವು ಇಳಿಯುತ್ತೆ,” ಎಂದು ಅವನು, ಇದ್ದಿಲು ಹೂತರೆ ದುಡ್ಡು ಕೊಡುವ ಕಂಪನಿಯವರ ಪಾಠ ಒಪ್ಪಿಸಿದ.

“ಲೋಕದ ಕಾವು ಆಮೇಲೆ ಇಳಿಸುವೆಯಂತೆ. ನನ್ನ ಮೆಣಸಿನಕಾಯಿ ಹೊಲದ ಪಟ್ಟಿ ನುಂಗಿದೆಯಲ್ಲ, ಅದನ್ನ ಮೊದಲು ಕಕ್ಕು!”

ಗಂಡ ಸತ್ತ ವರ್ಷವೇ ಗಡಿಕಲ್ಲು ಅವಳ ಹೊಲದೊಳಕ್ಕೆ ನಡೆದು ಬಂದಿತ್ತು. ಕಲ್ಲಿಗೇನು, ಹೊತ್ತರೆ ಹೋಗುತ್ತದೆ. ಅದಕ್ಕೇ ಹಿಂದಿನವರು ಗಡಿ ಹಾಕುವಾಗ ಕಲ್ಲಿನ ಅಡಿಯಲ್ಲಿ ಇದ್ದಿಲು, ಮಡಕೆ ಚೂರು ಹೂಳುತ್ತಿದ್ದರು. ಹಳೆಯ ಜಾಗದಲ್ಲಿ ಅಗೆದು ನೋಡಲು ಸೋಮವಾರ ಸರ್ವೆಯರ್ ಬರುವವನಿದ್ದ. ಅಷ್ಟರಲ್ಲಿ ಈ ಮಹಾನುಭಾವ ಪಟ್ಟಿಯ ತುಂಬ ಇದ್ದಿಲು ಹರಡಿದ್ದ! ಕಂಪನಿಯವನು ಫೋಟೋ ತೆಗೆಯಲು ಬಂದಾಗ ಮೂಕ್ಕಯ್ಯ ಗುದ್ದಲಿ ಎತ್ತಿ ಹಿಡಿದ. ಫೋಟೋ ಮುಗಿಯುತ್ತಲೇ ಇಳಿಸಿದ.

ಸೋಮವಾರ ಸರ್ವೆಯರ್ ಪೇಚಿಯಮ್ಮ ತೋರಿಸಿದ ಕಡೆ ಅಗೆಸಿದ. ಮೊದಲ ಏಟಿಗೇ ಕರಿ ಪುಡಿ.

“ನೋಡಿ ಸಾರ್, ಎಲ್ಲೆಲ್ಲೂ ಇದ್ದಿಲೇ. ಹಾಗಾದ್ರೆ ಹೊಲವೆಲ್ಲ ಗಡಿಯಾ?” ಮೂಕ್ಕಯ್ಯ ಹಲ್ಲು ಕಿರಿದ.

“ಇನ್ನೂ ಅಗೆಸಿ ಸಾರ್,” ಎಂದಳು ಪೇಚಿಯಮ್ಮ. “ಇವನು ಹುಟ್ಟಿದಾರಭ್ಯ ಗೇಣುದ್ದಕ್ಕಿಂತ ಆಳ ಅಗೆದವನಲ್ಲ. ಇವನ ಬೆನ್ನು ಬಗ್ಗೋದು ಸಾರಾಯಿ ಅಂಗಡಿ ಬಾಗಿಲಲ್ಲಿ ಮಾತ್ರ.”

ಕರಿ ಪುಡಿ ಮುಗಿದು ಬರೀ ಕೆಂಪು ಮಣ್ಣು ಬಂತು. ಮೂಕ್ಕಯ್ಯನ ಹಲ್ಲು ಒಳಗೆ ಹೋಯಿತು. ಸೊಂಟದಾಳಕ್ಕೆ ಬಂದಾಗ ಗುದ್ದಲಿ ಟಣ್ ಎಂದಿತು: ಮಡಕೆ ಚೂರು, ಅದರ ಕೆಳಗೆ ಮುಷ್ಟಿ ಗಾತ್ರದ ಇದ್ದಿಲು, ನಿನ್ನೆ ಇಟ್ಟ ಹಾಗೆ.

ಇದ್ದಿಲಿನ ಲೆಕ್ಕ ನೋಡಲು ಅಂದೂ ಬಂದಿದ್ದ ಕಂಪನಿಯವನು ಬಗ್ಗಿ ನೋಡಿದ. “ಆಳಕ್ಕೆ ಬೆರೆಸಿದ್ದೀನಿ ಅಂದಿದ್ರಲ್ಲ ಮೂಕ್ಕಯ್ಯ?”

“ಫೋಟೋದಲ್ಲಿ ಆಳ ಕಾಣಲ್ವಲ್ಲ ಸಾರ್,” ಎಂದಳು ಪೇಚಿಯಮ್ಮ. “ನೀವು ಹೇಳಿದ್ದು ಸುಳ್ಳಲ್ಲ ಬಿಡಿ. ನಮ್ಮ ಮಾವ ಹೂತದ್ದು ನೋಡಿ, ಮೈ ಮುಕ್ಕಾಗಿಲ್ಲ. ಇದ್ದಿಲು ಸಾವಿರ ವರ್ಷ ಇರುತ್ತೆ. ಹೂಳೋರಿಗೆ ಒಂದು ಗಳಿಗೆಯಾದರೂ ಮೈ ಬಗ್ಗಬೇಕು.”

ಸರ್ವೆಯರ್ ಅಲ್ಲೇ ಗೂಟ ಹೊಡೆಸಿದ. ಮೂಕ್ಕಯ್ಯ ಮೆಲ್ಲಗೆ ಜಾರಿಕೊಳ್ಳಲು ನೋಡಿದ.

“ಎಲ್ಲಿಗಪ್ಪಾ? ಕಲ್ಲು ಹೊತ್ತು ತಾ. ಕದ್ದು ಹೊರೋ ಅಭ್ಯಾಸ ಇದ್ದೇ ಇದೆ, ಇವತ್ತು ಹಗಲಲ್ಲಿ ಹೊರು,” ಎಂದ ಪೇಚಿಯಮ್ಮ ಸೀರೆ ಎತ್ತಿ ಕಟ್ಟಿ ಗುಂಡಿಗಿಳಿದಳು. “ನೆಡೋದು ನಾನೇ. ನೀನು ನೆಟ್ಟ ಕಲ್ಲಿಗೆ ಕಾಲು ಬರುತ್ತೆ.”