ಮೊದಲ ಈಡು

ಚಂದ್ರಾಮಪ್ಪಗೌಡ ಬಾನಿಯಲ್ಲಿ ಉಗುಳಿದ.

ಕಾದ ಕಬ್ಬಿಣಕ್ಕೆ ನೀರು ಕುಡಿಸುವ ಕಲ್ಲಿನ ಬಾನಿ ಅದು. ಕಮ್ಮಾರ ಮೌನಪ್ಪನ ಮುತ್ತಾತನ ಕಾಲದಿಂದ ಕುಲುಮೆಯ ಮಗ್ಗುಲಿಗೆ ಕೂತಿತ್ತು. ಹಬ್ಬ ಬಂದರೆ ಮನೆದೇವರಿಗಿಂತ ಮೊದಲು ಅದಕ್ಕೆ ಕುಂಕುಮ, ಅದಕ್ಕೆ ಹೋಳಿಗೆ. ಗೌಡನ ಬಾಯಿಯ ಎಲೆಯಡಿಕೆ ಆ ನೀರಿನ ಮೇಲೆ ಕೆಂಪಗೆ ಹರಡಿಕೊಂಡಿತು.

“ಯಾರಿಗೋ ಮೌನ್ಯಾ ಈ ಬಂದೂಕು?”

ಮೌನಪ್ಪ ಹೆಸರಿಗೆ ತಕ್ಕ ಮನುಷ್ಯ. ಮದುವೆಯಾದ ಇಪ್ಪತ್ತೆರಡು ವರ್ಷದಲ್ಲಿ ಅವನು ಆಡಿದ ಮಾತನ್ನೆಲ್ಲ ಒಂದು ಪಾವಿನಲ್ಲಿ ತುಂಬಿದರೂ ಮೇಲೆ ಚಿಟಿಕೆ ಉಪ್ಪಿಗೆ ಜಾಗ ಉಳಿಯುತ್ತದೆ ಎಂದು ಸುಂದ್ರಮ್ಮ ಓಣಿಯವರ ಮುಂದೆ ಗಂಡನನ್ನು ಆಡಿಕೊಳ್ಳುತ್ತಿದ್ದಳು. ಈಗಲೂ ಅವನು ನಳಿಗೆಯ ಮೇಲೆ ಇನ್ನೆರಡು ಪೆಟ್ಟು ಹಾಕಿ, ಆಮೇಲೆ ಹೇಳಿದ.

“ಮರಿಲಿಂಗಪ್ಪಗ್ರಿ.”

“ಮರಿಲಿಂಗ್ಯಾಗ ಯಾವಾಗಿಂದ ಅಪ್ಪ ಹತ್ತಿತೋ? ಕೆನಾಲ ನೀರು ಕುಡದಿಂದ ಏನು?”

ಸುಂದ್ರಮ್ಮ ತಿದಿ ಒತ್ತುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಕೈ ಖಾಲಿಯಾಗುತ್ತಿತ್ತು, ಖಾಲಿ ಕೈ ಇಕ್ಕಳದ ಕಡೆ ಹೋಗುತ್ತಿತ್ತು.

ಗೌಡನ ಸಿಟ್ಟಿಗೆ ಕಾರಣ ಊರಿಗೇ ಗೊತ್ತಿತ್ತು. ಕಾಲುವೆ ಬಂದ ಮೇಲೆ ತೂಬಿನ ಬಾಯಿಗೆ ಅವನ ಅರವತ್ತು ಎಕರೆ. ಕಾಲುವೆಯ ಬಾಲಕ್ಕೆ ಮರಿಲಿಂಗಪ್ಪನ ಎರಡು ಎಕರೆ, ಸರಕಾರ ಕೊಟ್ಟದ್ದು. ಗೌಡ ತೂಬಿನ ಹಲಗೆ ಇಳಿಸಿ ಬೀಗ ಜಡಿದರೆ ಬಾಲದ ಹೊಲಗಳಿಗೆ ನೀರಿನ ಸದ್ದೂ ಬರುತ್ತಿರಲಿಲ್ಲ. ನೀರಿನ ಹಿಂದೆಯೇ ಹಂದಿಗಳು ಬಂದವು. ಒಂದೊಂದು ಹಂದಿ ಎಮ್ಮೆಕರುವಿನಷ್ಟು. ಒಂದು ಸಲ ಹೊಕ್ಕರೆ ಬೆಳೆ ಮದುವೆಮನೆಯ ಚಾಪೆಯ ಹಾಗೆ ಮಲಗುತ್ತಿತ್ತು. ಮರಿಲಿಂಗಪ್ಪ ಬುದ್ಧನ ಫೋಟೊಕ್ಕೆ ಕೈಮುಗಿದು ಹೊರಟು, ಹತ್ತು ಕಚೇರಿಯ ಮೆಟ್ಟಿಲು ಸವೆಸಿ, ಬೆಳೆ ಕಾಯುವುದಕ್ಕೆ ಒಂದು ನಾಡಬಂದೂಕಿನ ಲೈಸನ್ಸು ತಂದಿದ್ದ.

“ಇವತ್ತ ಹಂದಿ ಅಂತಾನ ಬೋಸೂಡಿಮಗ,” ಎಂದ ಗೌಡ. “ನಾಳಿ ನನ್ನ ತೂಬಿನ ಮುಂದ ಹಿಡಕೊಂಡು ನಿಂದ್ರತಾನ. ಮುರದು ಒಲ್ಯಾಗ ಹಾಕು ಅದನ್ನ.”

ಅವನ ಮೀಸೆ ಬರುವಾಗ ಅವನಿಗಿಂತ ಒಂದು ಗಳಿಗೆ ಮೊದಲು ಬಾಗಿಲು ದಾಟುತ್ತಿತ್ತು. ಇವತ್ತು ಹೋಗುವಾಗ ಒಂದು ಗಳಿಗೆ ತಡವಾಗಿ ಹೊರಬಿತ್ತು. ಮೌನಪ್ಪ ಎದ್ದು ಬಾನಿಯ ನೀರು ಚೆಲ್ಲಿ, ಮೂರು ಸಲ ತೊಳೆದು, ಬೇರೆ ನೀರು ತುಂಬಿ, ನಳಿಗೆಯನ್ನು ಮತ್ತೆ ಬೆಂಕಿಗಿಟ್ಟ.

ಮೌನಪ್ಪನದು ಹಳೇ ಮನೆತನ. ಸುರಪುರ ಸೀಮೆಯ ಬೇಡರಿಗೆ ಬಂದೂಕು ಮಾಡಿಕೊಟ್ಟವರು. ನಿಜಾಮನ ಕಾಲದ ಉರ್ದು ಸನದು ತಗಡಿನ ಡಬ್ಬಿಯಲ್ಲಿತ್ತು, ಅದರ ಮೇಲೆ ಈ ಸರಕಾರದ ಲೈಸನ್ಸು ಇತ್ತು. ಬಾಯಿಂದ ಮದ್ದು ಜಡಿದು ತುಂಬುವ ಬಂದೂಕು. ಹಿತ್ತಾಳೆಯ ಅಳತೆಯಲ್ಲಿ ಒಂದಳತೆ ಮದ್ದಿಗೆ ಒಂದು ಈಡು. ಮನೆತನದ ಪದ್ಧತಿಯೊಂದಿತ್ತು: ಮೊದಲ ಈಡು ಕಮ್ಮಾರನದು. ಮಾಡಿದವನೇ ತನ್ನ ಹೆಗಲಿಗಿಟ್ಟು, ತನ್ನ ಕೆನ್ನೆಗೊತ್ತಿ ಹಾರಿಸಿ ಆಮೇಲೆ ಕೊಡಬೇಕು. ಒಡೆದರೆ ಮಾಡಿದವನ ಮುಖವೇ ಒಡೆಯಲಿ ಎಂದು. ಗೌಡನ ಪಡಸಾಲೆಯ ಗೋಡೆಗೆ ತೂಗುವ ಬಂದೂಕನ್ನೂ ಮೌನಪ್ಪನ ಅಜ್ಜನೇ ಮೊದಲು ಹಾರಿಸಿದ್ದು. ನಮ್ಮ ಮನೆಯ ಬಂದೂಕು ಕಮ್ಮಾರನ ಎಂಜಲು ಎಂದು ಗೌಡನಿಗೆ ಅದೂ ಒಂದು ಉರಿ.

ಈಗ ಪೇಟೆಯಲ್ಲಿ ಕಾರ್ಖಾನೆಯ ಬಂದೂಕುಗಳು ಎಣ್ಣೆ ಹಚ್ಚಿಕೊಂಡು ಮದುಮಕ್ಕಳ ಹಾಗೆ ನಿಂತಿದ್ದವು. ಕುಲುಮೆಗೆ ವರ್ಷಕ್ಕೆ ಎರಡು ಕೆಲಸ ಬಂದರೆ ಹೆಚ್ಚು. ಅದಕ್ಕೂ ಮದ್ದಿಗೊಂದು ಕಾಗದ, ಮಾಡಲಿಕ್ಕೊಂದು, ಮಾರಲಿಕ್ಕೊಂದು. ಆ ಕಾಗದಗಳನ್ನೇ ಸುತ್ತಿ ನಳಿಗೆ ಮಾಡಿದ್ದರೆ ಆನೆ ಹೊಡೆಯಬಹುದಿತ್ತು ಎನ್ನುತ್ತಿದ್ದಳು ಸುಂದ್ರಮ್ಮ.

ಮರಿಲಿಂಗಪ್ಪನ ಬಂದೂಕು ಮುಗಿಯುವ ಹೊತ್ತಿಗೆ ಯಾದಗಿರಿಯಿಂದ ಇನ್ನೊಂದು ಕಾಗದ ಬಂತು. ಬಂದೂಕಿಗೆ ಪ್ರೂಫ್ ಹಾಜರುಪಡಿಸತಕ್ಕದ್ದು, ತಪ್ಪಿದರೆ ಕುಲುಮೆಯ ಲೈಸನ್ಸು ರದ್ದು. ಓದಿ ಹೇಳಿದ ಸಾಲಿ ಮಾಸ್ತರ, ಪ್ರೂಫ್ ಅಂದರೆ ಪುರಾವೆ ಎಂದ. ಮೌನಪ್ಪ ರೇಷನ್ ಕಾರ್ಡು ತೆಗೆದುಕೊಂಡು ಯಾದಗಿರಿಗೆ ಹೋದ. ಗುಮಾಸ್ತ ರಂಗಣ್ಣ ಅದನ್ನು ಹಿಂದೆ ಮುಂದೆ ತಿರುಗಿಸಿ, ಇದು ಸಾಲದು ಎಂದ. ಎರಡನೇ ಸಲ ಜಾತಿ ಸರ್ಟಿಫಿಕೇಟು. ಸಾಲದು. ಮೂರನೇ ಸಲ ಓಟಿನ ಚೀಟಿ, ಜೊತೆಗೆ ಅಜ್ಜನ ಸನದು. ಅದೂ ಸಾಲದು. ಇನ್ನೇನು ಪುರಾವೆ ಉಳಿಯಿತು? ನಾಲ್ಕನೇ ಸಲ ಮೌನಪ್ಪ ಹೆಂಡತಿಯನ್ನೇ ಕರೆದುಕೊಂಡು ಹೋದ. ಇವನು ಇಂಥವನೇ, ಕಮ್ಮಾರನೇ, ಬಂದೂಕು ಮಾಡಿದವನೇ ಎಂದು ಹೇಳಲಿಕ್ಕೆ ಆಕೆಗಿಂತ ದೊಡ್ಡ ಸಾಕ್ಷಿ ಯಾರು?

ರಂಗಣ್ಣ ಪಕ್ಕದ ಕೋಣೆಯವರನ್ನೂ ಕೂಗಿದ.

“ಬರ್ರಿ ಇಲ್ಲಿ, ಕಮ್ಮಾರ ಪ್ರೂಫ್ ತಂದಾನ ನೋಡ್ರಿ. ಸೀರಿ ಉಡಿಸಿ ತಂದಾನ.”

ಆರು ಮಂದಿ ನಕ್ಕರು. ಒಬ್ಬನಂತೂ, ಈ ಪ್ರೂಫಿಗೆ ಠಸ್ಸೆ ಎಲ್ಲಿ ಒತ್ತೋಣ ಎಂದು ಕೇಳಿದ. ನಕ್ಕು ದಣಿದ ಮೇಲೆ ರಂಗಣ್ಣ ಬಿಡಿಸಿ ಹೇಳಿದ. ಎರಡು ಅಳತೆ ಮದ್ದು ತುಂಬಿ ಹಾರಿಸಬೇಕು; ನಳಿಗೆ ತಡೆದರೆ ಪಾಸು. ಅದು ಪ್ರೂಫು. ಸೋಮವಾರ ಸಾಹೇಬರು ಕಾಲುವೆ ಬಂಗಲೆಗೆ ಬರುತ್ತಾರೆ, ಅಲ್ಲಿಗೇ ತಾ. ಮೊದಲನೇ ಸಲ ಬಂದಾಗಲೇ ಯಾಕೆ ಹೇಳಲಿಲ್ಲ ಎಂದು ಸುಂದ್ರಮ್ಮ ಕೇಳಿದಳು. ಬಸ್ ಚಾರ್ಜು ನನ್ನದಲ್ಲವಲ್ಲ ಎಂದ ಅವನು. ಬಸ್ಸು ಊರ ಹತ್ತಿರದ ಗೋಗಿ ಮುಟ್ಟುವ ತನಕ ಆಕೆ ಮುಖದ ಮೇಲಿನ ಸೆರಗು ತೆಗೆಯಲಿಲ್ಲ.

ಸೋಮವಾರ ಬಂಗಲೆಯ ಕಟ್ಟೆಯ ಮೇಲೆ ಸಾಹೇಬ ಊಟಕ್ಕೆ ಕೂತಿದ್ದ. ಪಕ್ಕದಲ್ಲಿ ಗೌಡ, ಕೋಳಿ ಅವನ ಮನೆಯದು. ಕೆಳಗೆ ಬೇವಿನ ಮರದ ಹತ್ತಿರ ಮೌನಪ್ಪ, ಸುಂದ್ರಮ್ಮ. ಮರಿಲಿಂಗಪ್ಪನನ್ನು ಗೇಟಿನ ಹೊರಗೇ ನಿಲ್ಲಿಸಿದ್ದರು. ಮೌನಪ್ಪ ಎರಡಳತೆ ತುಂಬಿ, ಬಂದೂಕನ್ನು ಬೇವಿನ ಬೊಡ್ಡೆಗೆ ಕಟ್ಟಿ, ದೂರದಿಂದ ಎಳೆಯಲು ಕುದುರೆಗೆ, ಬೆರಳಿಟ್ಟು ಎಳೆಯುವ ಕೊಕ್ಕೆಗೆ, ದಾರ ಹಾಕತೊಡಗಿದ.

“ಗಿಡಕ್ಕ ಯಾಕ ಕಟ್ಟತೀಯೋ?” ಗೌಡ ಎಲುಬು ಚೀಪುತ್ತ ಕೇಳಿದ. “ಮೊದಲ ಈಡು ಕಮ್ಮಾರಂದು ಅಂತ ಊರ ತುಂಬ ಸಾರಿಕೋಂತ ತಿರಗತೀರಲ್ಲ. ಹೆಗಲಿಗಿಡು.”

ಪದ್ಧತಿ ಎಂದರೆ ಪದ್ಧತಿ ಎಂದು ಸಾಹೇಬನೂ ನಕ್ಕ. ಮೌನಪ್ಪ ದಾರ ಬಿಚ್ಚಿದ. ತಿಂಥಣಿ ಮೋನಯ್ಯನನ್ನು ನೆನೆದು ಹೆಗಲಿಗಿಟ್ಟ. ಈಡು ಹಾರಿದ ಸದ್ದಿಗೆ ಮಲಗಿದ ಬುದ್ಧನಂಥ ಶಹಾಪುರದ ಗುಡ್ಡ ಮಗ್ಗುಲು ಬದಲಿಸಿತು. ಹೊಗೆ ಸರಿದಾಗ ಮೌನಪ್ಪ ನಿಂತೇ ಇದ್ದ, ನಳಿಗೆ ನೆಟ್ಟಗೆ ಇತ್ತು. ಗೇಟಿನ ಹೊರಗೆ ಮರಿಲಿಂಗಪ್ಪ ಎರಡೂ ಕೈ ಮೇಲೆತ್ತಿದ. ಮೌನಪ್ಪ ನಕ್ಕದ್ದನ್ನು ಸುಂದ್ರಮ್ಮ ನೋಡಿದಳು. ಅವನ ಹಲ್ಲು ನೋಡಿ ಎಷ್ಟೋ ವರ್ಷವಾಗಿತ್ತು.

“ಎರಡಕ್ಕ ತಡೀತ್ರಿ ಸಾಹೇಬ್ರ,” ಎಂದ ಗೌಡ. “ಮೂರಕ್ಕ?”

ಮೂರು ಯಾವ ಕಾಯಿದೆಯಲ್ಲೂ ಇರಲಿಲ್ಲ. ಸಾಹೇಬ ಬೆರಳು ನೆಕ್ಕಿ, ನೋಡೋಣ ಎಂದ. ಮೌನಪ್ಪ ಅಳತೆ ಕೆಳಗಿಟ್ಟು ಕೈಮುಗಿದ. ಹಾರಿಸದಿದ್ದರೆ ನಪಾಸು ಬರೆಯುತ್ತೇನೆ ಎಂದು ರಂಗಣ್ಣ ತಾನೇ ಇಳಿದು ಬಂದು ಮದ್ದು ಸುರಿದ. ಮೂರಳತೆಯೋ ನಾಲ್ಕೋ ಕಾಣಲಿಲ್ಲ, ಅವನ ಮೈ ಅಡ್ಡವಿತ್ತು.

ಮೌನಪ್ಪ ಮತ್ತೆ ಹೆಗಲಿಗಿಟ್ಟ. ಆ ಸದ್ದು ಸುಂದ್ರಮ್ಮನಿಗೆ ಕೇಳಿಸಲಿಲ್ಲ. ಗಂಡ ಕೂತದ್ದು ಕಾಣಿಸಿತು. ನಳಿಗೆ ದಾಸವಾಳದ ಹಾಗೆ ಅರಳಿತ್ತು. ಎಡಗಣ್ಣು ಇದ್ದ ಜಾಗದಲ್ಲಿ ಕಣ್ಣು ಇರಲಿಲ್ಲ. ಎಡಗೈಯಿಂದ ಹಾರಿದ ನಾಲ್ಕು ಬೆರಳಲ್ಲಿ ಮೂರು ಬೇವಿನ ಬುಡದಲ್ಲಿ ಸಿಕ್ಕವು. ನಾಲ್ಕನೆಯದನ್ನು ಆಕೆ ಹುಡುಕುತ್ತ ಮಂಡಿಯೂರಿ ಹರಿದಾಡಿದಳು, ಸಿಗಲಿಲ್ಲ. ಸಾಹೇಬ ತಾಟಿಗೆ ಕೈ ಅಡ್ಡ ಹಿಡಿದು ಒಳಗೆ ಹೋದ. ರಂಗಣ್ಣ ಕೂತು ಬರೆದ: ಬಂದೂಕು ನಪಾಸು, ಲೈಸನ್ಸು ರದ್ದು. ಬರೆದು, ಹೆಬ್ಬೆಟ್ಟು ಒತ್ತಿಸಲು ಮೌನಪ್ಪನ ಬಲಗೈ ಹಿಡಿದ. ಮಸಿ ಬೇಕಾಗಲಿಲ್ಲ.

ಆಮೇಲೆ ಕುಲುಮೆಗೆ ಕುರ್ಪಿ, ಕುಡುಗೋಲು ಉಳಿದವು. ಸುಂದ್ರಮ್ಮ ಸುತ್ತಿಗೆ ಹಿಡಿದಳು, ಮೌನಪ್ಪ ಒಂದೇ ಕಣ್ಣಲ್ಲಿ ಬೆಂಕಿಯ ಬಣ್ಣ ನೋಡಿ ತಲೆ ಅಲ್ಲಾಡಿಸುತ್ತಿದ್ದ. ಬಾಲದ ಹೊಲಗಳು ಒಣಗಿದವು, ಹಂದಿಗಳಿಗೆ ಅಲ್ಲಿ ತಿನ್ನಲಿಕ್ಕೆ ಏನೂ ಉಳಿಯಲಿಲ್ಲ. ಅವು ಗೌಡನ ಭತ್ತಕ್ಕೆ ಬಂದವು. ಅದೇ ವಾರ ಗೌಡನ ಬಂದೂಕಿನ ಕುದುರೆಯನ್ನು ಬಿಗಿಹಿಡಿಯುವ ಕಮಾನು ಮುರಿಯಿತು. ಹಂದಿಗೂ ಅದೇ ಬಂದೂಕು, ತೂಬಿನ ಹತ್ತಿರ ಸುಳಿದವರನ್ನು ಹೆದರಿಸಲಿಕ್ಕೂ ಅದೇ. ಪೇಟೆಯವರು ಹಳೇ ಮಾಲು ಎಂದು ಮುಟ್ಟಲಿಲ್ಲ. ಗೌಡ ಮತ್ತೆ ಕುಲುಮೆಯ ಬಾಗಿಲಿಗೆ ಬಂದ.

ಲೈಸನ್ಸು ಇಲ್ಲವಲ್ಲ ಎಂದಳು ಸುಂದ್ರಮ್ಮ. ಲೈಸನ್ಸು ಅಂದರೆ ನಾನೇ ಎಂದ ಗೌಡ. ಆಕೆ ಬಂದೂಕು ತೆಗೆದುಕೊಂಡಳು.

ಕಮಾನಿಗೆ ನಾಲ್ಕು ದಿನ ಹಿಡಿಯಿತು. ಕಣ್ಣು ಅವನದು, ಕೈ ಆಕೆಯದು. ಐದನೆಯ ದಿನ ಬೆಳಗ್ಗೆ ಮೌನಪ್ಪ ದೊಡ್ಡ ಸುತ್ತಿಗೆ ಬಲ ಹೆಗಲಿಗೆ ಹಾಕಿಕೊಂಡ. ಮರಿಲಿಂಗಪ್ಪ ಉಳಿ ಹಿಡಿದ. ಅವರಿಬ್ಬರು ಕಾಲುವೆಯ ದಾರಿ ಹಿಡಿದರು, ಸುಂದ್ರಮ್ಮ ಬಂದೂಕು ಹೊತ್ತು ಗೌಡನ ಮನೆಯ ದಾರಿ ಹಿಡಿದಳು.

ಕೆಲಸಕ್ಕೆ ಹೋಗುವ ಮಂದಿ ಗೌಡನ ಅಂಗಳದಲ್ಲಿ ಸೇರಿತ್ತು. ಅವರ ಮುಂದೆಯೇ ಸುಂದ್ರಮ್ಮ ಗೋಡೆಗೆ ಮುಖ ಮಾಡಿ ಕೂತು ಮದ್ದು ಸುರಿದಳು. ಸುರಿದೇ ಸುರಿದಳು. ಜಡಿದಳು. ಗುಂಡು ಇಳಿಸಿ, ಕುದುರೆ ಎತ್ತಿ, ಎದ್ದು ಗೌಡನ ಎರಡೂ ಕೈಗೆ ಕೊಟ್ಟಳು.

“ಕೆಳಗ ಇಡಬ್ಯಾಡ್ರಿ ಗೌಡ್ರ. ಕಮಾನ ಹೊಸದು, ಕೂಸಿನಂಗ ಅದ. ಅಲುಗಾಡಿದ್ರ ಅಳತದ, ಈಡು ಹಾರತದ.”

“ಎಷ್ಟ ಅಳತಿ ಹಾಕಿ?”

“ನಾ ಸಾಲಿ ಕಲ್ತಾಕಿ ಅಲ್ರಿ. ಎಣಿಸಾಕ ಬರಂಗಿಲ್ಲ.”

“ನೀನ ಹಾರಿಸು. ಮೊದಲ ಈಡು ಕಮ್ಮಾರಂದು ಅಲ್ಲೇನ?”

“ಆ ಪದ್ಧತಿ ಬಂಗಲ್ಯಾಗ ಮುಗೀತ್ರಿ. ರದ್ದು ಅಂತ ಬರದು ಹೆಬ್ಬೆಟ್ಟು ಒತ್ತಿಸಿಕೊಂಡ್ರಿ. ಇನ್ನ ಮೊದಲ ಈಡು ಮಾಲಕಂದು.”

ಗೌಡ ಜೀತದ ನಾಗಣ್ಣನನ್ನು ಕರೆದು, ಹಿಡಿಯಲೇ ನಾಗ್ಯಾ ಎಂದ. ನಾಗಣ್ಣ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಗೌಡ ಅವನ ತಾಯಿಯನ್ನು ಬೈದು ಪಕ್ಕದವನನ್ನು ಕರೆದ. ಅವನೂ ಕೈ ಹಿಂದೆ ಕಟ್ಟಿಕೊಂಡ. ಬಾಲಮ್ಮ ಕಟ್ಟಿಕೊಂಡಳು, ಹಣಮಂತಮ್ಮ ಕಂಕುಳಲ್ಲಿದ್ದ ಬುಟ್ಟಿ ಕೆಳಗಿಟ್ಟು ಕಟ್ಟಿಕೊಂಡಳು. ಅಂಗಳದಲ್ಲಿ ಮೂವತ್ತು ಜನ, ಒಂದು ಕೈಯೂ ಕಾಣುತ್ತಿರಲಿಲ್ಲ.

ಬಾಯಿಂದ ತುಂಬಿದ ಬಂದೂಕು ಬಾಯಿಂದಲೇ ಖಾಲಿಯಾಗಬೇಕು. ಬಿಸಿಲೇರಿತು. ಬಂದೂಕಿನ ಭಾರಕ್ಕೆ ಗೌಡನ ತೋಳು ಸೋಲತೊಡಗಿದವು, ಸೋತಷ್ಟೂ ಮೈ ಬೆವರತೊಡಗಿತು. ಮೀಸೆ ಒದ್ದೆಯಾಗಿ ಗದ್ದಕ್ಕೆ ಇಳಿಯಿತು. ಭತ್ತದ ಗದ್ದೆಯಿಂದ ಹಂದಿಗಳ ಗುಟುರು ಕೇಳುತ್ತಿತ್ತು.

“ಗಿಡಕ್ಕ ಕಟ್ಟಿ ಹಾರಸ್ತೀರೇನ್ರಿ? ಹಗ್ಗ ತರ್ಲಿ?” ಎಂದು ಸುಂದ್ರಮ್ಮ ಮರ್ಯಾದೆಯಿಂದ ಕೇಳಿದಳು. ಯಾರೋ ಹೆಂಗಸು ಸೆರಗಿನಲ್ಲಿ ನಕ್ಕಳು.

ಆಗ ತೂಬಿನ ಕಡೆಯಿಂದ ಸದ್ದು ಬಂತು. ಬೀಗದ ಮೇಲೆ ಬಿದ್ದ ಸುತ್ತಿಗೆ. ಒಂಟಿ ಕೈಯ ಪೆಟ್ಟು. ಎತ್ತಲು ಹೊತ್ತು ಹಿಡಿಯುತ್ತದೆ, ಬಿದ್ದರೆ ಓರೆಯಾಗಿ ಬೀಳುತ್ತದೆ. ಅದು ಯಾರ ಪೆಟ್ಟು ಎಂದು ಆಕೆಗೆ ಯಾರೂ ಹೇಳಬೇಕಾಗಿರಲಿಲ್ಲ. ಗೌಡನ ಮುಖ ಆ ಕಡೆ ತಿರುಗಿತು, ಬಂದೂಕೂ ತಿರುಗಿತು, ಬೆರಳು ಕುದುರೆಯ ಹತ್ತಿರ ಹೋಗಿ ನಿಂತಿತು.

“ಒಂದು,” ಎಂದಳು ಸುಂದ್ರಮ್ಮ.

ಮತ್ತೊಂದು ಪೆಟ್ಟು ಬಿತ್ತು.

“ಎರಡು.”

ಬೆನ್ನ ಹಿಂದೆ ಕೈ ಕಟ್ಟಿಕೊಂಡ ಮಂದಿ ಗೌಡನ ಬೆರಳನ್ನೇ ನೋಡುತ್ತ, ಮೂರನೆಯದಕ್ಕೆ ಕಿವಿಗೊಟ್ಟು ನಿಂತಿತು.